ಈರುಳ್ಳಿ ರಫ್ತಿಗೆ ಬೀಗ ಹಾಕುವ ಮುನ್ನ: ವಿದೇಶಿ ವ್ಯಾಪಾರ ಮಹಾನಿರ್ದೇಶಕರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಮಹಾನಿರ್ದೇಶಕರು,
ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ,
ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯ, ನವದೆಹಲಿ.

ಪ್ರತಿಗಳು: ಕಾರ್ಯದರ್ಶಿಗಳು, ಗ್ರಾಹಕ ವ್ಯವಹಾರಗಳ ಇಲಾಖೆ, ನವದೆಹಲಿ, ಆಯುಕ್ತರು, ತೋಟಗಾರಿಕೆ ಇಲಾಖೆ, ಕರ್ನಾಟಕ ಸರ್ಕಾರ.

ವಿಷಯ: ಈರುಳ್ಳಿ ರಫ್ತು ನಿರ್ಬಂಧದ ಆದೇಶಗಳನ್ನು ಹೊರಡಿಸುವ ಮೊದಲು ಸಿಸ್ಟಂ ಡೈನಾಮಿಕ್ಸ್ (ದಾಸ್ತಾನು, ಹರಿವು, ವಿಳಂಬಗಳು ಕಾಲ ಕಳೆದಂತೆ ಹೇಗೆ ಬದಲಾಗುತ್ತವೆ ಎಂದು ಲೆಕ್ಕಹಾಕುವ ವಿಧಾನ) ಮಾದರಿಯಲ್ಲಿ ಪರೀಕ್ಷಿಸಬೇಕೆಂಬ ಮನವಿ.

ಮಾನ್ಯರೇ,

2023ರ ಆಗಸ್ಟ್ 19ರಂದು ಈರುಳ್ಳಿ ರಫ್ತಿನ ಮೇಲೆ ಶೇ 40ರ ಸುಂಕ ಬಿತ್ತು. ಅಕ್ಟೋಬರ್ ಕೊನೆಗೆ ಟನ್ನಿಗೆ 800 ಡಾಲರ್ ಕನಿಷ್ಠ ರಫ್ತು ಬೆಲೆ ಬಂತು, ಅಂದರೆ ಅದಕ್ಕಿಂತ ಕಡಿಮೆಗೆ ಹೊರಗೆ ಮಾರುವಂತಿಲ್ಲ. ಡಿಸೆಂಬರ್ 8ರಿಂದ ರಫ್ತೇ ನಿಂತಿತು. ಮಾರ್ಚ್ 31ಕ್ಕೆ ಮುಗಿಯಬೇಕಿದ್ದ ನಿಷೇಧ ಮುಂದಕ್ಕೆ ಹೋಗಿ 2024ರ ಮೇ 4ರಂದು ತೆರವಾಯಿತು, ಅದೂ 550 ಡಾಲರ್ ಕನಿಷ್ಠ ಬೆಲೆ ಮತ್ತು ಶೇ 40ರ ಸುಂಕವನ್ನು ಹೊತ್ತುಕೊಂಡೇ. ಸೆಪ್ಟೆಂಬರ್ 13ಕ್ಕೆ ಕನಿಷ್ಠ ಬೆಲೆ ಹೋಗಿ ಸುಂಕ ಶೇ 20ಕ್ಕೆ ಇಳಿಯಿತು. 2025ರ ಏಪ್ರಿಲ್ 1ಕ್ಕೆ ಅದೂ ಹೋಯಿತು. ಇಪ್ಪತ್ತು ತಿಂಗಳೊಳಗೆ ಆರು ಸಲ ನಿಯಮ ಬದಲಾಯಿತು. ಸಸಿಮಡಿಗೆ ಬೀಜ ಹಾಕಿದ ದಿನದಿಂದ ಗಡ್ಡೆ ಕೀಳುವವರೆಗೆ ಈರುಳ್ಳಿಗೆ ಐದು ತಿಂಗಳು ಬೇಕು. ಬೀಜ ಹಾಕಿದಾಗ ಇದ್ದ ನಿಯಮವೇ ಕಟಾವಿನ ದಿನವೂ ಇರುತ್ತದೆಂದು ನಂಬಿದ ರೈತರಲ್ಲಿ ಹೆಚ್ಚಿನವರ ಲೆಕ್ಕ ಈ ಅವಧಿಯಲ್ಲಿ ತಪ್ಪಿದೆ.

ರಫ್ತನ್ನು ಸರ್ಕಾರ ಎಂದೂ ತಡೆಯಬಾರದು ಎಂದು ಈ ಪತ್ರ ವಾದಿಸುವುದಿಲ್ಲ. ಕೂಲಿ ಮಾಡುವ ಮನೆಗೆ ಕಿಲೋ ಈರುಳ್ಳಿ 80 ರೂಪಾಯಿ ಆದರೆ ಅದು ನಿಜವಾದ ಕಷ್ಟ, ಸರ್ಕಾರ ಸುಮ್ಮನಿರಲಾಗದು. ಈರುಳ್ಳಿ ಬೆಲೆ ಏರಿಕೆಯೂ ಕಾರಣವಾಗಿ ಆಡಳಿತ ಪಕ್ಷ ಸೋತ 1998ರ ದೆಹಲಿ ವಿಧಾನಸಭೆ ಚುನಾವಣೆಯ ನಂತರ ಯಾವ ಪಕ್ಷದ ಸರ್ಕಾರವೂ ಈ ತರಕಾರಿಯನ್ನು ಹಗುರವಾಗಿ ತೆಗೆದುಕೊಂಡಿಲ್ಲ. ನಮ್ಮ ತಕರಾರು ಬೇರೆ. ಆ ವಾರದ ಚಿಲ್ಲರೆ ಬೆಲೆ ನೋಡಿ ಆದೇಶ ಹೊರಡುತ್ತದೆ. ಅದರ ದೊಡ್ಡ ಪರಿಣಾಮ ಬೀಳುವುದು ಮುಂದಿನ ಹಂಗಾಮಿನ ಬಿತ್ತನೆಯ ಮೇಲೆ, ಅದರಾಚೆಯ ಹಂಗಾಮಿನ ಬೆಲೆಯ ಮೇಲೆ. ಈ ಅಂತರವನ್ನು ಮೊದಲೇ ಲೆಕ್ಕಹಾಕುವ ವಿಧಾನ ಅರವತ್ತು ವರ್ಷಗಳಿಂದ ಇದೆ. ಅದನ್ನು ಬಳಸಿ ಎಂಬುದೇ ಕೋರಿಕೆ.

ಎಂಐಟಿಯಲ್ಲಿ ಜೇ ಫಾರೆಸ್ಟರ್ 1950ರ ದಶಕದ ಕೊನೆಯಲ್ಲಿ ಕಾರ್ಖಾನೆಗಳ ದಾಸ್ತಾನು ಏಕೆ ತಾನಾಗಿಯೇ ಏರಿಳಿಯುತ್ತದೆ ಎಂದು ತಿಳಿಯಲು ಸಿಸ್ಟಂ ಡೈನಾಮಿಕ್ಸ್ ಕಟ್ಟಿದರು. 1970ರಲ್ಲಿ ಡೆನಿಸ್ ಮೆಡೋಸ್ ಅದನ್ನೇ ಹಂದಿ, ದನ, ಕೋಳಿಗಳ ಉತ್ಪಾದನೆಗೆ ಅನ್ವಯಿಸಿ, ಹೊರಗಿನ ಯಾವ ಆಘಾತವೂ ಇಲ್ಲದೆ ಕೇವಲ ವಿಳಂಬದಿಂದಲೇ ಬೆಲೆ ಹೇಗೆ ಅಲೆಯಲೆಯಾಗಿ ಏಳುತ್ತದೆ, ಬೀಳುತ್ತದೆ ಎಂದು ತೋರಿಸಿದರು. ಈರುಳ್ಳಿಗೂ ಆ ರಚನೆ ಹೆಚ್ಚು ಬದಲಾವಣೆಯಿಲ್ಲದೆ ಹೊಂದುತ್ತದೆ.

ಈಗ ನಿಮ್ಮ ಮೇಜಿಗೆ ಬರುವುದು ವಾರ್ಷಿಕ ಲೆಕ್ಕಪಟ್ಟಿ: ಇಷ್ಟು ಉತ್ಪಾದನೆ, ಇಷ್ಟು ಬಳಕೆ, ಇಷ್ಟು ಹಾಳು, ಉಳಿದದ್ದು ರಫ್ತಿಗೆ. ಆ ಪಟ್ಟಿಯಲ್ಲಿ ತಿಂಗಳಿಲ್ಲ, ವಾರವಿಲ್ಲ. ಏಪ್ರಿಲ್‌ನಲ್ಲಿ ಕಿತ್ತ ಹಿಂಗಾರಿನ ಗಡ್ಡೆಯೂ ಅಕ್ಟೋಬರ್‌ನಲ್ಲಿ ಗದಗ, ಚಿತ್ರದುರ್ಗದಿಂದ ಬರುವ ಮುಂಗಾರಿನ ಗಡ್ಡೆಯೂ ಅಲ್ಲಿ ಒಂದೇ ಸಾಲಿನಲ್ಲಿ ಕೂಡಿರುತ್ತವೆ. ದೇಶದ ಉತ್ಪಾದನೆಯಲ್ಲಿ ಮೂರನೇ ಎರಡರಷ್ಟು ಹಿಂಗಾರಿನದು. ಅದು ಚಪ್ಪರದಲ್ಲಿ ನಾಲ್ಕೈದು ತಿಂಗಳು ತಡೆಯುತ್ತದೆ. ಕರ್ನಾಟಕದ ಬೆಳೆ ಬಹುಪಾಲು ಮುಂಗಾರಿನದು. ನೀರಿನಂಶ ಹೆಚ್ಚು, ಕಟಾವಿನ ಹೊತ್ತಿಗೆ ಮಳೆ, ಹಾಗಾಗಿ ಕೆಲವೇ ವಾರಗಳಲ್ಲಿ ಮಾರಿ ಮುಗಿಸಬೇಕು. ಒಂದೇ ಆದೇಶ ನಾಸಿಕದ ರೈತನಿಗೆ ಕಾಯುವ ಕಷ್ಟ ತಂದರೆ, ಗದಗದವನಿಗೆ ಕಾಯುವ ಆಯ್ಕೆಯನ್ನೇ ಬಿಡುವುದಿಲ್ಲ.

ಹಾಗಾದರೆ ಮಾದರಿಯಲ್ಲಿ ಏನಿರಬೇಕು? ಕಾಲದ ಘಟಕ ವಾರ, ಪ್ರಮಾಣದ ಘಟಕ ಟನ್. ಕನಿಷ್ಠ ಆರು ದಾಸ್ತಾನುಗಳು ಬೇಕು: ಹೊಲದಲ್ಲಿ ನಿಂತ ಬೆಳೆ, ರೈತರ ಬಳಿಯ ಗಡ್ಡೆ, ವರ್ತಕರ ಬಳಿಯ ಗಡ್ಡೆ, ಸರ್ಕಾರದ ಬಫರ್ (ಬೆಲೆ ಏರಿದಾಗ ಬಿಡಲು ಕೂಡಿಟ್ಟ ಮಾಲು), ರೈತರ ಮನಸ್ಸಿನಲ್ಲಿರುವ ನಿರೀಕ್ಷಿತ ಬೆಲೆ, ವಿದೇಶಿ ಖರೀದಿದಾರರಿಗೆ ನಮ್ಮ ಮೇಲಿರುವ ನಂಬಿಕೆ. ಕೊನೆಯ ಎರಡನ್ನು ತೂಕದ ಯಂತ್ರದಲ್ಲಿ ಅಳೆಯಲಾಗದು. ಆದರೂ ಅವು ದಾಸ್ತಾನುಗಳೇ: ನಿಧಾನವಾಗಿ ತುಂಬುತ್ತವೆ, ನಿಧಾನವಾಗಿಯೋ ದಿಢೀರನೆಯೋ ಬರಿದಾಗುತ್ತವೆ.

ನಿರೀಕ್ಷಿತ ಬೆಲೆಯ ಸಮೀಕರಣ ಸರಳ. ಇಂದಿನ ಹರಾಜಿನ ಬೆಲೆಗೂ ನಿರೀಕ್ಷೆಗೂ ಇರುವ ವ್ಯತ್ಯಾಸವನ್ನು ಹೊಂದಿಕೆಯ ಅವಧಿಯಿಂದ (ನಿರೀಕ್ಷೆ ಹೊಸ ಬೆಲೆಗೆ ಹೊಂದಿಕೊಳ್ಳಲು ಹಿಡಿಯುವ ಸಮಯದಿಂದ) ಭಾಗಿಸಿದರೆ ಆ ವಾರ ನಿರೀಕ್ಷೆ ಎಷ್ಟು ಸರಿಯುತ್ತದೆ ಎಂಬುದು ಸಿಗುತ್ತದೆ. ನಿರೀಕ್ಷೆ ಕ್ವಿಂಟಲ್‌ಗೆ 1,500 ರೂಪಾಯಿ, ಹರಾಜಿನಲ್ಲಿ 3,500, ಹೊಂದಿಕೆಯ ಅವಧಿ 8 ವಾರ ಎಂದಿಟ್ಟುಕೊಳ್ಳಿ: ಮೊದಲ ವಾರವೇ ನಿರೀಕ್ಷೆ 250 ರೂಪಾಯಿ ಏರುತ್ತದೆ. ಅದು ಸಾಗುವಳಿ ವೆಚ್ಚವನ್ನು ಎಷ್ಟು ದಾಟುತ್ತದೋ ಅದರ ಮೇಲೆ ನಾಟಿಯ ವಿಸ್ತೀರ್ಣ ನಿಲ್ಲುತ್ತದೆ. ರೈತರ ಬಿತ್ತನೆಯ ತೀರ್ಮಾನಕ್ಕೆ ಮುಂಚಿನ ಎಂಟು-ಹತ್ತು ವಾರಗಳಲ್ಲಿ ಆದೇಶ ಹೊರಬಿದ್ದರೆ ಅದು ವಿಸ್ತೀರ್ಣವನ್ನೇ ತಟ್ಟುತ್ತದೆ. ನಾಟಿ ಮುಗಿದ ಮೇಲೆ ಹೊರಬಿದ್ದರೆ ಬೆಳೆದ ಬೆಳೆಯ ಬೆಲೆಯನ್ನು ಮಾತ್ರ ತಟ್ಟುತ್ತದೆ. ಒಂದೇ ಆದೇಶಕ್ಕೆ ತಾರೀಖಿನ ಮೇಲೆ ಎರಡು ಬಗೆಯ ಫಲ. ವಾರ್ಷಿಕ ಪಟ್ಟಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಕಟಾವಿನ ವಿಳಂಬವನ್ನು ಬರೆಯುವಲ್ಲಿ ಹೊಸಬರು ಸಾಮಾನ್ಯವಾಗಿ ಎಡವುತ್ತಾರೆ. 16 ವಾರದ ಬೆಳೆಗೆ ಒಂದೇ ಹಂತದ ವಿಳಂಬ (ಪ್ರತಿ ವಾರವೂ ನಿಂತ ಬೆಳೆಯ ಒಂದು ಪಾಲು ಹೊರಬೀಳುವ ಲೆಕ್ಕ) ಹಾಕಿದರೆ, ನಾಟಿ ಮಾಡಿದ ಮರುವಾರವೇ ಹದಿನಾರನೇ ಒಂದು ಭಾಗ, ಅಂದರೆ ಶೇ 6ಕ್ಕೂ ಹೆಚ್ಚು ಬೆಳೆ ಕಟಾವಾಗಿ ಮಾರುಕಟ್ಟೆಗೆ ಬಂದಂತೆ ಲೆಕ್ಕ ತೋರುತ್ತದೆ. ಕೂರಿಗೆಯಿಂದ ಬೀಜ ಬಿತ್ತಿದ ಹೊಲದಲ್ಲಿ ಆಗ ಮೊಳಕೆಯೂ ನೆಟ್ಟಗೆ ಕಾಣಿಸಿರುವುದಿಲ್ಲ! ಅಂಥ ಮಾದರಿಯಲ್ಲಿ ಬೆಲೆ ಬೇಗ ತಣ್ಣಗಾಗುತ್ತದೆ, ಏರಿಳಿತ ಸುಳ್ಳಾಗಿ ಕಡಿಮೆಯಾಗುತ್ತದೆ, ನಿಷೇಧ ನಿರಪಾಯಕಾರಿ ಎನ್ನಿಸುತ್ತದೆ. ಬೆಳೆ ಒಂದಾದ ಮೇಲೊಂದು ಮೂರು ಹಂತ ದಾಟಿ ಬರುವ ವಿಳಂಬವನ್ನಾದರೂ ಹಾಕಬೇಕು. ಜಿಲ್ಲಾವಾರು ನಾಟಿಯ ತಾರೀಖು ಸಿಕ್ಕರೆ ಬ್ಯಾಚ್ ಬ್ಯಾಚಾಗಿ ಸಾಗುವ ಸರಪಳಿಯೇ ಉತ್ತಮ. ಲೆಕ್ಕದ ಹೆಜ್ಜೆಯನ್ನು (ಮಾದರಿ ಒಂದು ಸಲಕ್ಕೆ ಮುಂದೆ ಸಾಗುವ ಕಾಲವನ್ನು) ಅತಿ ಚಿಕ್ಕ ವಿಳಂಬದ ಕಾಲು ಭಾಗಕ್ಕಿಂತ ದೊಡ್ಡದಾಗಿ ಇಡಬಾರದು. ಇಟ್ಟರೆ ಬೆಲೆ ವಾರ ಬಿಟ್ಟು ವಾರ ಜಿಗಿಯತೊಡಗುತ್ತದೆ, ಅದನ್ನು ಮಾರುಕಟ್ಟೆಯ ಜಿಗಿತವೆಂದು ಓದುವ ಅಪಾಯವಿದೆ.

ಹಾಳಾಗುವ ಪ್ರಮಾಣದ್ದು ಇನ್ನೊಂದು ಕಥೆ. ಹಿಂಗಾರಿನ ಗಡ್ಡೆ ವಾರಕ್ಕೆ ಶೇ 2ರಂತೆ ತೂಕ ಇಳಿದು, ಕೊಳೆತು ಹೋಗುತ್ತದೆಂದು ಹಿಡಿದರೆ 20 ವಾರಕ್ಕೆ ಮೂರನೇ ಒಂದು ಭಾಗ ಕರಗುತ್ತದೆ. ಶೇಖರಣೆಯ ನಷ್ಟ ಶೇ 30ರಿಂದ 40 ಎಂದು ಎಲ್ಲರೂ ಹೇಳುವ ಮಾತಿಗೆ ಇದು ಹೊಂದುತ್ತದೆ. ಮುಂಗಾರಿನ ಗಡ್ಡೆಗೆ ವಾರಕ್ಕೆ ಶೇ 6 ಎಂದರೆ ಎಂಟೇ ವಾರದಲ್ಲಿ ಶೇ 39 ಹೋಯಿತು. ಆದರೆ ನಷ್ಟ ಎಲ್ಲ ವಾರಗಳಲ್ಲೂ ಸಮವಾಗಿರುವುದಿಲ್ಲ. ಮೊದಲ ವಾರಗಳಲ್ಲಿ ಹೊರಸಿಪ್ಪೆಯ ತೇವ ಆರುತ್ತದೆ, ನಡುವೆ ಶಾಂತ, ಮಳೆಗಾಲದ ತೇವ ಏರಿದಾಗ ಕೊಳೆ, ಸುಪ್ತಾವಸ್ಥೆ ಮುಗಿದ ಮೇಲೆ ಮೊಳಕೆ. ಆದ್ದರಿಂದ ದಾಸ್ತಾನನ್ನು ವಯಸ್ಸಿನ ಪ್ರಕಾರ ನಾಲ್ಕಾದರೂ ಭಾಗ ಮಾಡಬೇಕು. ಒಂದೇ ರಾಶಿಯೆಂದು ಲೆಕ್ಕ ಹಾಕಿದರೆ ನಿನ್ನೆ ಬಂದ ಗಡ್ಡೆಯೂ ನಾಲ್ಕು ತಿಂಗಳ ಗಡ್ಡೆಯೂ ಒಂದೇ ವೇಗದಲ್ಲಿ ಕೊಳೆಯುತ್ತವೆ. ಆಗಸ್ಟ್‌ನಲ್ಲಿ ಸುಂಕ ಬಿದ್ದಾಗ ರೈತನ ಬಳಿ ಇದ್ದದ್ದು ನಾಲ್ಕು ತಿಂಗಳ ಮಾಲು. ಅದನ್ನು ಇನ್ನೂ ಎರಡು ತಿಂಗಳು ಹಿಡಿದಿಟ್ಟುಕೊಳ್ಳುವ ದಾರಿ ಅವನಿಗಿರಲಿಲ್ಲ. ಬಂದ ಬೆಲೆಗೆ ಕೊಟ್ಟ. ‘ದಾಸ್ತಾನು ಸಾಕಷ್ಟಿದೆ’ ಎಂಬ ಸರ್ಕಾರಿ ಹೇಳಿಕೆಯಲ್ಲಿ ಆ ದಾಸ್ತಾನಿನ ವಯಸ್ಸನ್ನೂ ಹೇಳಬೇಕು.

ಬೆಲೆಯ ಸಮೀಕರಣಕ್ಕೆ ಎಷ್ಟು ವಾರದ ಬಳಕೆಗೆ ಸಾಲುವಷ್ಟು ಮಾಲಿದೆ ಎಂಬುದೇ ಆಧಾರ. ಈರುಳ್ಳಿ ಅಗ್ಗವಾಯಿತೆಂದು ಯಾರೂ ಎರಡು ಪಟ್ಟು ತಿನ್ನುವುದಿಲ್ಲ, ತುಟ್ಟಿಯಾಯಿತೆಂದು ಒಗ್ಗರಣೆ ನಿಲ್ಲಿಸುವುದೂ ಇಲ್ಲ. ಈ ಬಿಗಿಯಾದ ಬೇಡಿಕೆಯಿಂದಾಗಿ ಸ್ವಲ್ಪ ಹೆಚ್ಚು ಮಾಲು ಒಳಗೆ ಉಳಿದರೂ ಬೆಲೆ ಜೋರಾಗಿ ಕುಸಿಯುತ್ತದೆ. 2023-24ರಲ್ಲಿ, ಅಷ್ಟೆಲ್ಲ ನಿರ್ಬಂಧದ ನಡುವೆಯೂ, 17.17 ಲಕ್ಷ ಟನ್ ಹೊರಹೋಯಿತು. ಉತ್ಪಾದನೆಯ ಸುಮಾರು ಶೇ 7. ಇಷ್ಟು ಸಣ್ಣ ಪಾಲನ್ನು ನಿಲ್ಲಿಸಿದರೆ ರೈತನಿಗೇನು ನಷ್ಟ ಎಂದು ಕೇಳುವವರಿದ್ದಾರೆ. ಬೇಡಿಕೆಯ ಸ್ಥಿತಿಸ್ಥಾಪಕತ್ವ 0.25, ಅಂದರೆ ಬೆಲೆ ಶೇ 1 ಇಳಿದರೆ ಬಳಕೆ ಶೇ 0.25 ಮಾತ್ರ ಏರುತ್ತದೆ ಎಂದು ಹಿಡಿದು ಲೆಕ್ಕ ಹಾಕಿ: ಶೇ 7 ಹೆಚ್ಚುವರಿ ಮಾಲು ಖರ್ಚಾಗಬೇಕಾದರೆ ಬೆಲೆ ಸುಮಾರು ಕಾಲು ಭಾಗ ಇಳಿಯಬೇಕು. ಇಳಿತ ಬೀಳುವುದು ಆ ಶೇ 7ರ ಮೇಲಲ್ಲ, ಪೂರ್ತಿ ಬೆಳೆಯ ಮೇಲೆ.

ಸುಂಕದ ಲೆಕ್ಕವೂ ಹೀಗೇ ಬಿಚ್ಚಿ ನೋಡತಕ್ಕದ್ದು. 550 ಡಾಲರ್‌ಗೆ ಶೇ 40 ಸೇರಿಸಿದರೆ 770 ಡಾಲರ್. ಅಂದಿನ ವಿನಿಮಯ ದರದಲ್ಲಿ ಕಿಲೋಗೆ ಸುಮಾರು 64 ರೂಪಾಯಿ, ಹಡಗಿನ ಬಾಡಿಗೆ ಬಿಟ್ಟು. 2024ರ ಮೇ 4ರ ಆದೇಶ ಕಾಗದದ ಮೇಲೆ ನಿಷೇಧ ತೆಗೆದದ್ದು ನಿಜ. ಪಾಕಿಸ್ತಾನ, ಚೀನಾ, ಈಜಿಪ್ಟ್‌ಗಳ ಮಾಲು ಅದಕ್ಕಿಂತ ಅಗ್ಗಕ್ಕೆ ಸಿಗುವ ಬಂದರಿನಲ್ಲಿ ಅದು ಬೇರೆ ಹೆಸರಿನ ನಿಷೇಧವೇ ಆಗಿತ್ತು. ಸುಂಕವನ್ನು ಖರೀದಿದಾರ ಹೊರುತ್ತಾನೆ ಎಂಬ ಊಹೆ ಅವನಿಗೆ ಬೇರೆ ಅಂಗಡಿ ಇಲ್ಲದಾಗ ಮಾತ್ರ ನಡೆಯುತ್ತದೆ.

ಇಲ್ಲಿಯೇ ನಂಬಿಕೆಯ ದಾಸ್ತಾನು ಕೆಲಸ ಮಾಡುವುದು. 2019ರ ಸೆಪ್ಟೆಂಬರ್ 29ರಂದು ನಿಷೇಧ, 2020ರ ಮಾರ್ಚ್ 15ಕ್ಕೆ ತೆರವು, ಆರು ತಿಂಗಳಲ್ಲೇ, 2020ರ ಸೆಪ್ಟೆಂಬರ್ 14ರಂದು ಮತ್ತೆ ನಿಷೇಧ, 2021ರ ಜನವರಿ 1ಕ್ಕೆ ತೆರವು, ಮತ್ತೆ 2023. ನಮ್ಮ ದೊಡ್ಡ ಗಿರಾಕಿಯಾದ ಬಾಂಗ್ಲಾದೇಶ ಪ್ರತಿ ಸಲವೂ ಬೇರೆ ದೇಶಗಳ ಕದ ತಟ್ಟಿತು, ಜೊತೆಗೆ ತನ್ನದೇ ರೈತರಿಗೆ ಬೇಸಿಗೆ ಈರುಳ್ಳಿ ಬೆಳೆಯಲು ಪ್ರೋತ್ಸಾಹ ಕೊಡತೊಡಗಿತು. ನಂಬಿಕೆ ಇಳಿಯಲು ನಾಲ್ಕು ವಾರ, ಏರಲು ಐವತ್ತೆರಡು ವಾರ ಎಂದು ಮಾದರಿಯಲ್ಲಿ ಇಟ್ಟು ಓಡಿಸಿ. ಮೊದಲ ಎರಡು ನಿಷೇಧಗಳ ನಡುವಿನ ಆರು ತಿಂಗಳ ಅಂತರ ಸಾಲದೆ, ನಂಬಿಕೆ ಹಿಂದಿನ ಮಟ್ಟಕ್ಕೆ ಏರುವ ಮೊದಲೇ ರಫ್ತು ಮತ್ತೆ ಕೆಳಗಿಳಿಯುವುದು ಕಾಣುತ್ತದೆ. ಈ ಸುತ್ತು ಅಲ್ಲಿಗೇ ನಿಲ್ಲುವುದಿಲ್ಲ. ಹೊರಗಿನ ಗಿರಾಕಿ ಕಡಿಮೆಯಾದಷ್ಟೂ ಒಳಗಿನ ಬೆಲೆಯ ಕುಸಿತ ಆಳವಾಗುತ್ತದೆ, ಆಳವಾದ ಕುಸಿತದ ನಂತರ ಬಿತ್ತನೆ ಕುಗ್ಗುತ್ತದೆ, ಮುಂದಿನ ವರ್ಷ ಬೆಲೆ ಏರುತ್ತದೆ, ಮತ್ತೆ ನಿಮ್ಮ ಕಚೇರಿಯಿಂದ ಅಧಿಸೂಚನೆ. ಬೆಲೆ ಸ್ಥಿರಗೊಳಿಸಲು ತಂದ ಕ್ರಮವೇ ಮುಂದಿನ ಏರಿಕೆಗೆ ಬೀಜವಾಗುವ ಈ ಲೂಪನ್ನು ಕಾಗದದ ಮೇಲೆ ಬರೆದು ನೋಡಿದವರು ನಿಷೇಧಕ್ಕೆ ಅಷ್ಟು ಸಲೀಸಾಗಿ ಸಹಿ ಹಾಕಲಾರರು.

ತೀರಾ ಇತ್ತೀಚಿನ ಸಾಕ್ಷ್ಯ ಸರ್ಕಾರದ್ದೇ ಅಂಕಿಗಳಲ್ಲಿದೆ. 2024ರ ಕೊನೆಯಲ್ಲಿ ಬೆಲೆ ಚೆನ್ನಾಗಿತ್ತು. ಆ ಬೆಲೆ ನೋಡಿ ನಾಟಿ ಮಾಡಿದ ಹಿಂಗಾರಿನ ಬೆಳೆ 2025ರಲ್ಲಿ 227 ಲಕ್ಷ ಟನ್ ಎಂದು ಅಂದಾಜಾಯಿತು. ಹಿಂದಿನ ವರ್ಷ 192 ಲಕ್ಷ. ಶೇ 18 ಏರಿಕೆ. ಸುಂಕ ತೆಗೆದ ಏಪ್ರಿಲ್ 1ರ ಹೊತ್ತಿಗೆ ಆ ಬೆಳೆ ಮಂಡಿಗಳಿಗೆ ಬಂದು ಬೀಳುತ್ತಿತ್ತು. ಬಿತ್ತನೆಯ ವಿಸ್ತೀರ್ಣ ಜನವರಿಯಲ್ಲೇ ಗೊತ್ತಾಗುವಂಥದ್ದು. ಹತ್ತು-ಹನ್ನೆರಡು ವಾರ ಮೊದಲೇ ಸುಂಕ ತೆಗೆದಿದ್ದರೆ ಖರೀದಿದಾರರು ಆರ್ಡರ್ ಹಾಕಲು, ವರ್ತಕರು ಕಂಟೇನರ್ ಹೊಂದಿಸಲು ಸಮಯ ಸಿಗುತ್ತಿತ್ತು. ಕದ ತೆರೆದ ದಿನವೇ ಹಡಗು ತುಂಬುವುದಿಲ್ಲ.

ಕರ್ನಾಟಕದ ಒಂದು ವಿಷಯವನ್ನು ಪ್ರತ್ಯೇಕವಾಗಿ ಹೇಳಲೇಬೇಕು: ಬೆಂಗಳೂರು ಗುಲಾಬಿ ಈರುಳ್ಳಿ. ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದಲ್ಲಿ ಬೆಳೆಯುವ, 2014-15ರಲ್ಲಿ ಭೌಗೋಳಿಕ ಸೂಚಕ ಪಡೆದ ಈ ಸಣ್ಣ, ಖಾರದ ಗಡ್ಡೆಗೆ ದೇಶದೊಳಗೆ ಗಿರಾಕಿಯೇ ಕಡಿಮೆ. ಮಲೇಷ್ಯಾ, ಸಿಂಗಪುರ, ಇಂಡೊನೇಷ್ಯಾ, ಶ್ರೀಲಂಕಾಗಳಿಗೆಂದೇ ಬೆಳೆಯುತ್ತಾರೆ. ಇದನ್ನು ತಡೆದರೆ ದೆಹಲಿಯ ಚಿಲ್ಲರೆ ಬೆಲೆ ಒಂದು ಪೈಸೆಯೂ ಇಳಿಯದು. ಇದು ಸರ್ಕಾರಕ್ಕೂ ಗೊತ್ತು, ಏಕೆಂದರೆ ಹಲವು ಸಲ ಕೊನೆಗೆ ವಿನಾಯಿತಿ ಕೊಟ್ಟಿದೆ. 2019ರಲ್ಲಿ ನಿಷೇಧವಾಗಿ ಒಂದು ತಿಂಗಳಿಗೆ, ಅಕ್ಟೋಬರ್ 28ರಂದು, 9,000 ಟನ್ನಿಗೆ ಅನುಮತಿ. 2020ರಲ್ಲಿ 25 ದಿನದ ನಂತರ 10,000 ಟನ್ನಿಗೆ, ಅದೂ ಚೆನ್ನೈ ಬಂದರಿನಿಂದ ಮಾತ್ರ. 2023ರ ಆಗಸ್ಟ್ 19ರ ಸುಂಕದಿಂದ ವಿನಾಯಿತಿ ಬಂದದ್ದು ಸೆಪ್ಟೆಂಬರ್ 29ಕ್ಕೆ. 2024ರ ಮೇ 4ರ ಸುಂಕದಿಂದ ಮೇ 29ಕ್ಕೆ. ನಾಲ್ಕು ಸಲ ಮುಚ್ಚಿ, ನಾಲ್ಕು ಸಲ ಮೂರೂವರೆಯಿಂದ ಆರು ವಾರದ ನಂತರ ತೆರೆದದ್ದು. ಮಾದರಿಯಲ್ಲಿ ಇದಕ್ಕೆ ಆಡಳಿತದ ವಿಳಂಬ ಎಂಬ ಒಂದು ಪುಟ್ಟ ಪೆಟ್ಟಿಗೆ ಸಾಕು. ಆ ವಿಳಂಬವನ್ನು ಸೊನ್ನೆ ಮಾಡಿ ಓಡಿಸಿದರೆ ದೇಶದ ಗ್ರಾಹಕನ ಸಾಲಿನಲ್ಲಿ ಯಾವ ಬದಲಾವಣೆಯೂ ಇರುವುದಿಲ್ಲ. ಬೆಳೆಗಾರನ ಸಾಲು ಮಾತ್ರ ಮೇಲೇರುತ್ತದೆ.

ಇಂಥ ಮಾದರಿ ಮಾಡಿದ್ದೇವೆ ಎಂದು ಯಾವುದಾದರೂ ಸಂಸ್ಥೆ ವರದಿ ತಂದುಕೊಟ್ಟರೆ ಮೊದಲು ಒಂದು ಪ್ರಶ್ನೆ ಕೇಳಿ: ಬಿತ್ತನೆಯ ವಿಸ್ತೀರ್ಣ ಒಳಗಿನಿಂದ ಹುಟ್ಟುತ್ತದೆಯೋ, ಹೊರಗಿನಿಂದ ತುಂಬಿದ್ದೀರೋ? ಹಳೆಯ ವರ್ಷಗಳ ವಿಸ್ತೀರ್ಣವನ್ನು ಅಂಕಿಪಟ್ಟಿಯಿಂದ ನೇರವಾಗಿ ಸುರಿದರೆ ಬೆಲೆಯ ಗ್ರಾಫ್ ಚೆಂದವಾಗಿ ಹೊಂದುತ್ತದೆ. ಆದರೆ ಅಂಥ ಮಾದರಿಯಲ್ಲಿ ನಿಷೇಧ ಬಿತ್ತನೆಯನ್ನು ಮುಟ್ಟುವುದೇ ಇಲ್ಲ, ಹಾಗಾಗಿ ನಿಷೇಧಕ್ಕೆ ಖರ್ಚೂ ಇಲ್ಲ. ಫಲಿತಾಂಶ ಮೊದಲೇ ಬರೆದಿಟ್ಟಂತೆ. ಎರಡನೆಯದು, ರಫ್ತನ್ನು ಮತ್ತು ಮಾರಾಟವನ್ನು ಇರುವ ದಾಸ್ತಾನಿಗೆ ಮಿತಿಗೊಳಿಸಿದ್ದಾರೆಯೇ ನೋಡಿ. ಇಲ್ಲದಿದ್ದರೆ ಸೆಪ್ಟೆಂಬರ್‌ನಲ್ಲಿ ಗೋದಾಮಿನ ಈರುಳ್ಳಿ ಸೊನ್ನೆಗಿಂತ ಕೆಳಗಿಳಿಯುತ್ತದೆ, ಬೆಲೆಯ ಸಮೀಕರಣ ಕೆಟ್ಟು ಕೂರುತ್ತದೆ. ಮೂರನೆಯದು ವಿಪರೀತದ ಪರೀಕ್ಷೆ: ಒಂದು ಹಂಗಾಮು ಪೂರ್ತಿ ಮಳೆ ಇಲ್ಲವೆಂದು ಹಾಕಿ, ರಫ್ತನ್ನು ಶಾಶ್ವತವಾಗಿ ಮುಚ್ಚಿ, ಬಫರನ್ನು ಹತ್ತು ಪಟ್ಟು ಮಾಡಿ. ಅಲ್ಲಿಯೂ ಮಾದರಿ ಅರ್ಥವಾಗುವಂತೆ ನಡೆಯಬೇಕು. 2019ರವರೆಗಿನ ಆವಕ ಮತ್ತು ಬೆಲೆಗಳಿಗೆ ಹೊಂದಿಸಿ, 2020ರಿಂದ 2025ರವರೆಗಿನದನ್ನು ನೋಡದೆ ಊಹಿಸುವಂತೆ ಮಾಡಿ ಹೋಲಿಸುವುದು ಕೊನೆಯ ಪರೀಕ್ಷೆ. ಲಾಸಲಗಾಂವ್, ಹುಬ್ಬಳ್ಳಿ, ಯಶವಂತಪುರ ಮಂಡಿಗಳ ದೈನಿಕ ಆವಕ ಮತ್ತು ದರ ಸರ್ಕಾರದ ಕೃಷಿ ಮಾರುಕಟ್ಟೆ ಜಾಲತಾಣವಾದ ಅಗ್‌ಮಾರ್ಕ್‌ನೆಟ್‌ನಲ್ಲಿ ಸಿಗುತ್ತದೆ, ಅದನ್ನು ವಾರಕ್ಕೆ ಕೂಡಿಸಿದರೆ ಆಯಿತು.

ಮುಂದಿನ ಮಂಗಳವಾರದ ದರ ಇಷ್ಟೇ ಎಂದು ಈ ಮಾದರಿ ಹೇಳಲಾರದು; ಹಾಗೆ ಹೇಳುತ್ತೇನೆನ್ನುವವರನ್ನು ಹೊರಗೆ ಕಳಿಸಿ. ಎರಡು ಆದೇಶಗಳಲ್ಲಿ ಯಾವುದು ಕಡಿಮೆ ಏರಿಳಿತ ತರುತ್ತದೆ ಎಂದು ಹೋಲಿಸಲು ಮಾತ್ರ ಇದು. ಅಷ್ಟು ಸಾಕು.

ನಮ್ಮ ಕೋರಿಕೆಗಳು ಇವು. ನಿಷೇಧ ಮತ್ತು ಕನಿಷ್ಠ ಬೆಲೆ ನಿಮ್ಮ ಕೈಯಲ್ಲಿ, ಸುಂಕ ಹಣಕಾಸು ಸಚಿವಾಲಯದ್ದು, ಬಫರ್ ಗ್ರಾಹಕ ವ್ಯವಹಾರಗಳ ಇಲಾಖೆಯದು, ವಿಸ್ತೀರ್ಣದ ಅಂದಾಜು ಕೃಷಿ ಸಚಿವಾಲಯದ್ದು. ನಾಲ್ವರೂ ಒಂದೇ ಮಾದರಿಯನ್ನು ಇಟ್ಟುಕೊಳ್ಳಬೇಕು, ಅದರ ಸಮೀಕರಣ, ಘಟಕ, ಅಂಕಿಗಳೆಲ್ಲ ಸಾರ್ವಜನಿಕವಾಗಿರಬೇಕು. ಧಾರವಾಡ, ಬಾಗಲಕೋಟೆಯ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳೂ ಅದನ್ನು ಓಡಿಸಿ ತಪ್ಪು ಹುಡುಕುವಂತಿರಲಿ. ಪ್ರತಿ ಅಧಿಸೂಚನೆಯ ಜೊತೆ ಒಂದು ಪುಟದ ಟಿಪ್ಪಣಿ ಬರಲಿ: 26 ಮತ್ತು 52 ವಾರಗಳ ನಂತರ ರೈತನ ಬೆಲೆ, ಚಿಲ್ಲರೆ ಬೆಲೆ, ನಾಟಿಯ ವಿಸ್ತೀರ್ಣ ಹೇಗಿರಬಹುದೆಂದು. ದಾಸ್ತಾನಿನ ಸ್ಯಾಂಪಲ್ ಸಮೀಕ್ಷೆ ಹದಿನೈದು ದಿನಕ್ಕೊಮ್ಮೆ, ಗಡ್ಡೆಯ ವಯಸ್ಸಿನ ಸಮೇತ, ನಡೆಯಲಿ.

ದಿಢೀರ್ ನಿಷೇಧದ ಬದಲು, ದಾಸ್ತಾನು ಇಳಿದಂತೆ ಏರುವ, ಏರಿದಂತೆ ಇಳಿಯುವ ಸುಂಕದ ಪಟ್ಟಿಯನ್ನು ಬಿತ್ತನೆಗೆ ಮೊದಲೇ ಪ್ರಕಟಿಸಿ. ಇದರಲ್ಲಿ ಒಂದು ಅಪಾಯವಿದೆ. ದಾಸ್ತಾನು ಎಂಟು ವಾರದ ಬಳಕೆಗೆ ಸಾಲುವಷ್ಟಕ್ಕೆ ಇಳಿದ ದಿನ ಸುಂಕ ಸೊನ್ನೆಯಿಂದ ಶೇ 40ಕ್ಕೆ ಹಾರುವುದಾದರೆ, ಒಂಬತ್ತು ವಾರದ ಮಾಲು ಉಳಿದಿರುವಾಗಲೇ ಎಲ್ಲರೂ ಸಿಕ್ಕಿದ್ದನ್ನು ಹಡಗಿಗೆ ಏರಿಸುತ್ತಾರೆ, ಯಾವುದನ್ನು ತಡೆಯಬೇಕೆಂದಿದ್ದಿರೋ ಅದೇ ಆಗುತ್ತದೆ. ಆದ್ದರಿಂದ ಸುಂಕ ವಾರಕ್ಕೆ ಒಂದೆರಡು ಶೇಕಡಾ ಅಂಶದಂತೆ ನಿಧಾನವಾಗಿ ಏರಲಿ, ಇಳಿಯುವುದು ಮಾತ್ರ ಏರುವುದಕ್ಕಿಂತ ಬೇಗ ಆಗಲಿ. ದಾರಿಯಲ್ಲಿರುವ ಸರಕಿಗೆ, ಒಪ್ಪಂದವಾದ ಸರಕಿಗೆ ಹಳೆಯ ದರವೇ ಅನ್ವಯಿಸಲಿ.

ಗುಲಾಬಿ ಈರುಳ್ಳಿಗೆ, ತೋಟಗಾರಿಕೆ ಆಯುಕ್ತರ ಪ್ರಮಾಣಪತ್ರದ ಷರತ್ತಿನೊಂದಿಗೆ, ಎಲ್ಲ ಮುಂದಿನ ಆದೇಶಗಳಿಂದಲೂ ಕಾಯಂ ವಿನಾಯಿತಿ ಕೊಡಿ. ಇದಕ್ಕೆ ಮಾದರಿ ಸಿದ್ಧವಾಗುವವರೆಗೂ ಕಾಯಬೇಕಿಲ್ಲ. ಒಂದು ಸಾಲಿನ ತಿದ್ದುಪಡಿ ಸಾಕು, ಈ ತಿಂಗಳೇ ಆಗಬಹುದು. ಉಳಿದದ್ದರ ಮೊದಲ ಆವೃತ್ತಿ ಮುಂದಿನ ಮುಂಗಾರಿನ ಸಸಿಮಡಿಗಳಿಗೆ ಮುಂಚೆ, ಮೇ ತಿಂಗಳೊಳಗೆ, ಜನರ ಮುಂದೆ ಬರಲಿ ಎಂದು ವಿನಂತಿಸುತ್ತೇವೆ.

ಇತಿ ತಮ್ಮ ವಿಶ್ವಾಸಿಗಳು,
ಕೃಷಿ ಮಾರುಕಟ್ಟೆಯ ಮಾದರಿಗಳನ್ನು ಕಟ್ಟುವ ಕೆಲಸದಲ್ಲಿರುವ ಕೆಲವರು